ವೇದನೆಯೂ ಸಮತೆಯೂ

2015ರಲ್ಲಿ ಶಿಕ್ಷಕ ವೃತ್ತಿಯಿಂದ ನಿವೃತ್ತನಾದಾಗ ನನಗಿದ್ದ ಬಯಕೆ ಒಂದೇ. ಬೆಳಿಗ್ಗೆ ಬಸದಿಯಲ್ಲಿ ಒಂದು ಮುಹೂರ್ತ ಕಾಲ ಸಾಮಾಯಿಕ, ಸಂಜೆ ಸ್ವಾಧ್ಯಾಯ. ಆದರೆ ನೆಲದ ಮೇಲೆ ಕುಳಿತುಕೊಳ್ಳುವ ಭಾಗ್ಯವೇ ನನಗೆ ಒದಗಲಿಲ್ಲ. ಸೊಂಟದ ಡಿಸ್ಕಿಗೆ ಆ ವರ್ಷವೇ ಒಂದು, 2017ರಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆಯಾಯಿತು. ಹೊಲಿಗೆ ಮಾಯಿತು, ನೋವು ಮಾತ್ರ ಮಾಯಲಿಲ್ಲ. ಸೊಂಟದಿಂದ ಎಡ ಪಾದದವರೆಗೆ ಕಾದ ಸಲಾಕೆಯನ್ನು ಎಳೆದಂಥ ಉರಿ ಹಗಲಿರುಳೂ ಜೊತೆಗಿತ್ತು. ಗುಳಿಗೆಗಳು ನಿದ್ದೆಯ ಮಂಪರನ್ನು ಕೊಟ್ಟವೇ ಹೊರತು ಶಮನವನ್ನು ಕೊಡಲಿಲ್ಲ.

ಬೆಂಗಳೂರಿನ ವೈದ್ಯರೊಬ್ಬರು ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ನೀಡುವ ಚಿಕಿತ್ಸೆಯನ್ನು ಸೂಚಿಸಿದರು. ಈ ಸಂಗತಿ ಬಸದಿಯಲ್ಲಿ ಪ್ರಸ್ತಾಪವಾದಾಗ ನಾನು ಗೌರವಿಸುವ ಹಿರಿಯರೊಬ್ಬರು, "ಮೇಷ್ಟ್ರೇ, ಇದು ಅಸಾತಾವೇದನೀಯ ಕರ್ಮದ ಉದಯ. ಸಹಿಸಿಕೊಂಡರೆ ನಿರ್ಜರೆಯಾಗುತ್ತದೆ. ಬೆನ್ನೊಳಗೆ ತಂತಿ ಹಾಕಿಸಿಕೊಂಡು ಕರ್ಮದಿಂದ ತಪ್ಪಿಸಿಕೊಳ್ಳಲಾದೀತೇ?" ಎಂದರು. ಆ ಮಾತು ನನ್ನನ್ನು ಎರಡು ವರ್ಷ ತಡೆದು ನಿಲ್ಲಿಸಿತು. ರೋಗವೂ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಲ್ಲವೇ? ನಾನು ಸಹಿಸುತ್ತಿದ್ದೇನೆಂಬ ಒಂದು ಹೆಮ್ಮೆಯೂ ಒಳಗೆ ಬೆಳೆದಿತ್ತು.

ಆ ಹೆಮ್ಮೆಯನ್ನು ಮುರಿದವನು ನನ್ನ ಆರು ವರ್ಷದ ಮೊಮ್ಮಗ. ಒಂದು ಮಧ್ಯಾಹ್ನ ಅವನು ಆಡುತ್ತ ಬಂದು ನನ್ನ ಮಂಚಕ್ಕೆ ತಗುಲಿದ. ನಾನು ಕೂಗಿದ ಕೂಗಿಗೆ ಮಗು ಬೆದರಿ ಅಡುಗೆಮನೆಗೆ ಓಡಿತು. ಅಲ್ಲಿ ಅವನು ಅಜ್ಜಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಜ್ಜನ ಕೋಣೆಗೆ ಇನ್ನು ಹೋಗುವುದಿಲ್ಲ." ನನ್ನ ಪತ್ನಿ ಏನೂ ಹೇಳಲಿಲ್ಲ. ಆಕೆ ಅಂಥ ಕೂಗನ್ನು ವರ್ಷಗಳಿಂದ ಕೇಳಿಕೊಂಡು ಬಂದಿದ್ದಳು. ನನ್ನ ಸಹನೆಯೆಂದು ನಾನು ತಿಳಿದಿದ್ದುದರ ಬೆಲೆಯನ್ನು ಮನೆಯವರು ತೆರುತ್ತಿದ್ದರು.

ಅಂದು ರಾತ್ರಿ ಮಲಗಿಕೊಂಡೇ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ತೆರೆದೆ. ಪರೀಷಹಗಳನ್ನು ಹೇಳಿದ ಅದೇ ಅಧ್ಯಾಯವು ಮುಂದೆ ವೇದನೆ ಯಾವಾಗ ತೊಲಗೀತೆಂದು ಸದಾ ಚಿಂತಿಸುವುದನ್ನು ಆರ್ತಧ್ಯಾನವೆನ್ನುತ್ತದೆ. ನನ್ನ ದಿನದ ಇಪ್ಪತ್ತನಾಲ್ಕು ಗಂಟೆಯೂ ಅದೇ ಆಗಿತ್ತು. ಆರನೆಯ ಅಧ್ಯಾಯದಲ್ಲಿ ತನಗಾಗಲಿ, ಪರರಿಗಾಗಲಿ, ಇಬ್ಬರಿಗೂ ಆಗಲಿ ದುಃಖ, ಸಂತಾಪಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದಿದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಅಲ್ಲಿ ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಕರುಣಾಳುವಾದ ವೈದ್ಯನು ಸಂಯಮಿಯೊಬ್ಬನ ಕುರುವನ್ನು ಸೀಳುವಾಗ ನೋವಾಗುತ್ತದೆ, ಆದರೆ ಅಷ್ಟರಿಂದಲೇ ವೈದ್ಯನಿಗೆ ಪಾಪಬಂಧವಿಲ್ಲ. ಅಳೆಯಬೇಕಾದದ್ದು ಹೊರಗಿನ ನೋವನ್ನಲ್ಲ, ಒಳಗಿನ ಪರಿಣಾಮವನ್ನು. ಹಾಗಾದರೆ ನೋವನ್ನು ಉಳಿಸಿಕೊಂಡು ಕಷಾಯವನ್ನು ಬೆಳೆಸಿದ ನನ್ನದು ಯಾವ ನಿರ್ಜರೆ?

2021ರಲ್ಲಿ ಚಿಕಿತ್ಸೆಗೆ ಒಪ್ಪಿದೆ. ಇದರ ಹಿಂದಿರುವ ವಿಚಾರ ಸರಳವಾದುದು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿದೆ, ಸ್ಪರ್ಶವನ್ನು ಒಯ್ಯುವ ನರಗಳು ಎಚ್ಚೆತ್ತರೆ ಆ ಬಾಗಿಲು ಭಾಗಶಃ ಮುಚ್ಚುತ್ತದೆ ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಪೆಟ್ಟಾದ ಜಾಗವನ್ನು ನಾವು ಉಜ್ಜಿಕೊಳ್ಳುವುದೂ ಇದೇ ಕಾರಣಕ್ಕೆ. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ರೋಗಿಯೊಬ್ಬರಿಗೆ ಮೊದಲ ಬಾರಿ ಇಂಥ ಸಾಧನವನ್ನು ಅಳವಡಿಸಿದರು. ಬೆನ್ನುಹುರಿಯ ಹೊರಪೊರೆಯ ಮೇಲಿನ ತೆರಪಿನಲ್ಲಿ ತೆಳುವಾದ ತಂತಿಗಳನ್ನಿರಿಸಿ ಕೆಲವು ದಿನ ಪರೀಕ್ಷಿಸುತ್ತಾರೆ. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಬ್ಯಾಟರಿಯುಳ್ಳ ಪುಟ್ಟ ಯಂತ್ರವನ್ನು ಚರ್ಮದಡಿಯಲ್ಲಿ ಹುದುಗಿಸುವುದು ರೂಢಿ. ನನ್ನ ಕಾಲಿನಲ್ಲಿ ಉರಿಯ ಜಾಗಕ್ಕೆ ಜುಮ್ಮೆನ್ನುವ ಸ್ಪಂದನ ಬಂದಿತು. ನೋವು ಸುಮಾರು ಅರ್ಧಕ್ಕಿಳಿಯಿತು.

ಇದನ್ನು ಓದಿ ಯಾರೂ ಆಸ್ಪತ್ರೆಗೆ ಧಾವಿಸುವುದು ಬೇಡ. ಈ ಯಂತ್ರ ರೋಗದ ಮೂಲವನ್ನು ತೆಗೆಯುವುದಿಲ್ಲ. ತಂತಿ ಸ್ಥಳ ಬಿಟ್ಟು ಸರಿಯಬಹುದು, ಸೋಂಕು ತಗಲಬಹುದು, ಖರ್ಚು ಹಲವು ಲಕ್ಷ ರೂಪಾಯಿ. ಸೊಂಟನೋವಿಗೆ ಇದರಿಂದ ದೀರ್ಘಕಾಲದ ಪ್ರಯೋಜನ ಸಂದೇಹಾಸ್ಪದವೆಂದು 2023ರ ಕಾಕ್ರೇನ್ ಸಮೀಕ್ಷೆ ತೀರ್ಮಾನಿಸಿತು. ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ನನಗೆ ಒದಗಿದ್ದು ಎಲ್ಲರಿಗೂ ಒದಗೀತೆಂದು ಹೇಳಲಾರೆ.

ಇನ್ನೊಂದು ವಿಷಯವನ್ನು ಮರೆಮಾಚಿದರೆ ಅದು ಅಸತ್ಯವಾದೀತು. ಮನುಷ್ಯನ ಬೆನ್ನಿಗೆ ಹರಿಯುವ ಮೊದಲು ಈ ವಿದ್ಯುತ್ತು ಬೆಕ್ಕುಗಳ ಬೆನ್ನುಹುರಿಯಲ್ಲಿ ಹರಿದಿತ್ತು. ಇದನ್ನು ನಾನು ತಿಳಿದದ್ದು ಯಂತ್ರ ಒಳಸೇರಿದ ಮೇಲೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನನ್ನ ಶಮನದಲ್ಲಿ ಆ ಮೂಕಜೀವಿಗಳ ವೇದನೆ ಬೆರೆತಿದೆ. ಈ ಋಣವನ್ನು ತೀರಿಸುವ ದಾರಿ ನನಗೆ ಕಂಡಿಲ್ಲ. ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವಾಗ ನಾನು ಮೊದಲು ನೆನೆಯುವುದು ಅವುಗಳನ್ನೇ.

ಈಗ ಕುರ್ಚಿಯ ಮೇಲೆ ಕುಳಿತು ಸಾಮಾಯಿಕ ಮಾಡುತ್ತೇನೆ. ಉಳಿದ ಅರ್ಧ ನೋವು ಹಾಗೆಯೇ ಇದೆ. ಅದು ಬಂದಾಗ ನೋಡುತ್ತ ಕುಳಿತಿರಲು ಈಗ ಸಾಧ್ಯವಾಗುತ್ತಿದೆ. ಕೆಲವು ದಿನ ಸೋಲುತ್ತೇನೆ. ಆ ಹಿರಿಯರ ಮಾತು ಸುಳ್ಳಲ್ಲ, ಕರ್ಮದಿಂದ ಯಾವ ಯಂತ್ರವೂ ತಪ್ಪಿಸದು. ಆದರೆ ಸಹಿಸುವುದಕ್ಕೂ ಒಂದಿಷ್ಟು ಬಿಡುವು ಬೇಕು. ನನಗೆ ಆ ಬಿಡುವನ್ನು ಔಷಧವು ಕೊಟ್ಟಿತು. ನಮ್ಮ ಪೂರ್ವಿಕರು ಔಷಧವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ್ದು ಸುಮ್ಮನೆ ಅಲ್ಲ.

ಬಸದಿಯ ಧರ್ಮದರ್ಶಿಗಳಲ್ಲಿ ನನ್ನದೊಂದು ವಿನಂತಿ. ಸ್ವಾಧ್ಯಾಯದ ಮಂಟಪದ ಹಿಂಬದಿಯಲ್ಲಿ ನಾಲ್ಕು ಕುರ್ಚಿಗಳನ್ನು ಇಡಿರಿ. ನೆಲದ ಮೇಲೆ ಕೂರಲಾಗದೆ ನಾಚಿ ಮನೆಯಲ್ಲೇ ಉಳಿದ ಶ್ರಾವಕ ಶ್ರಾವಕಿಯರು ನಮ್ಮ ಊರಿನಲ್ಲೂ ಇದ್ದಾರೆ. ಅವರ ನೋವನ್ನು ಕಂಡಾಗ "ಸಹಿಸಿ" ಎನ್ನುವ ಮುನ್ನ, "ಎಲ್ಲಿ ನೋಯುತ್ತಿದೆ?" ಎಂದು ಕೇಳೋಣ.