ಷೋಕೇಸಿಗೋ, ರಸ್ತೆಗೋ

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯ ಷೆಡ್ಡಿನಲ್ಲಿ ಬಿಚ್ಚಿಟ್ಟುಕೊಂಡು ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿಯುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಹೊಸದುರ್ಗ ತಾಲ್ಲೂಕಿನ ಹಳ್ಳಿಯಿಂದ ಚಿತ್ರದುರ್ಗಕ್ಕೆ ಓದಲು ಬಂದ ನನ್ನಂಥವನಿಗೆ ಅಂಥ ಕಾರು ಸಿನಿಮಾದ ಪರದೆಯ ಮೇಲೆ ಕಂಡದ್ದಷ್ಟೇ. ಹಳೆಯ ಕಾರುಗಳನ್ನು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬೇಕಿತ್ತು. ನಮ್ಮ ತಲೆಮಾರಿನ ಸ್ಪೋರ್ಟ್ಸ್ ಕಾರಿಗೆ ಇದ್ದದ್ದು ಎರಡೇ ಚಕ್ರ. ಅದು ಮೈಸೂರಿನಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್. ಅಂಥ ಗಾಡಿಯೊಂದನ್ನು ಈಗ, ನಿವೃತ್ತನಾದ ಮೇಲೆ, ಮನೆಯಲ್ಲೇ ಬಿಚ್ಚಿ ಮತ್ತೆ ನಿಲ್ಲಿಸುತ್ತಿದ್ದೇನೆ. ಈ ಕೆಲಸ ಗಾಡಿಯ ಬಗ್ಗೆ ಕಲಿಸಿದ್ದಕ್ಕಿಂತ ಹೆಚ್ಚಾಗಿ ನನ್ನ ಬಗ್ಗೆ ನನಗೇ ತೋರಿಸಿಕೊಟ್ಟಿದೆ. ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಡಬೇಕು ಅನ್ನಿಸಿದೆ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಕಟ್ಟಿದವರು ಇರಾನಿ ಕುಟುಂಬದವರು, ತಂತ್ರಜ್ಞಾನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯದು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಹೊರಬಿತ್ತು: 250 ಸಿಸಿಯ ಟು-ಸ್ಟ್ರೋಕ್ ಎಂಜಿನ್, ಸಿಲಿಂಡರ್ ಒಂದೇ ಆದರೂ ಎರಡು ಸೈಲೆನ್ಸರ್, ನಾಲ್ಕು ಗೇರು, ಹದಿನಾರು ಕುದುರೆ ಶಕ್ತಿ. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಗೊತ್ತಿಲ್ಲದವರು ಕಿಕ್ಕರ್ ಹುಡುಕುತ್ತ ಗಾಡಿಯ ಸುತ್ತ ತಿರುಗುವುದನ್ನು ನೋಡುವುದೇ ಗೊತ್ತಿದ್ದವರ ಹೆಮ್ಮೆಯಾಗಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಇದೇ ಹೆಸರಿನಲ್ಲಿ 2022ರಲ್ಲಿ ಹೊಸ ಗಾಡಿಗಳು ಬಂದಿವೆ. ಅವು ಫೋರ್-ಸ್ಟ್ರೋಕ್, ಅವುಗಳ ದಾರಿ ಬೇರೆ.

ಎಂಬತ್ತರ ದಶಕದಲ್ಲಿ ನಾನು ದುರ್ಗದ ಹಾಸ್ಟೆಲಿನಲ್ಲಿದ್ದೆ. ಸಂಜೆ ಬಿ.ಡಿ. ರೋಡಿನಲ್ಲಿ ರೋಡ್‌ಕಿಂಗ್ ಬಂದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಆ ಗಾಡಿ ಹತ್ತಿ ಬರುತ್ತಿದ್ದ ಹುಡುಗರ ಷರ್ಟು, ಕೂದಲು, ಇಂಗ್ಲಿಷು ಎಲ್ಲವೂ ನನ್ನದಕ್ಕಿಂತ ಬೇರೆಯಾಗಿದ್ದವು. ನಮ್ಮಪ್ಪ ತೆಂಗಿನಕಾಯಿ ಚೀಲವನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಹೊಸದುರ್ಗದ ಸಂತೆಗೆ ಹೋಗುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಬರೀ ಗಾಡಿಯಲ್ಲ, ಚೀಲ ಬಿಗಿಯುವ ಅಗತ್ಯವೇ ಇಲ್ಲದ ಬದುಕು. ಅದು ಆಗ ತಿಳಿದಿರಲಿಲ್ಲ. ಅರವತ್ತು ದಾಟಿದ ಮೇಲೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಕೂತಾಗ ತಿಳಿಯಿತು.

ನನಗೆ ಸಿಕ್ಕ ಗಾಡಿ ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಯೊಂದರದು. ಪಂಪ್‌ಹೌಸಿನ ಪಕ್ಕದ ತಗಡಿನ ಮಾಡಿನ ಕೆಳಗೆ, ಗೊಬ್ಬರದ ಚೀಲಗಳ ಹಿಂದೆ ನಿಂತಿತ್ತು. ಹಿರಿಯೂರು, ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ನಿಂತ ಗಾಡಿಗೆ ತುಕ್ಕು ಬೇಗ ಹತ್ತುವುದಿಲ್ಲ. ರಬ್ಬರು ಒಣಗಿ ಬಿರಿಯುತ್ತದೆ, ಕಬ್ಬಿಣ ಉಳಿಯುತ್ತದೆ. ತೋಟದ ತೇವದಲ್ಲಿ ನಿಂತದ್ದರ ಕಥೆ ಇದಕ್ಕೆ ತಿರುಗುಮುರುಗು. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಕೆಮ್ಮಣ್ಣು ಮೆತ್ತಿದ ಹಾಗೆ ತುಕ್ಕು. ಒಂದಿಷ್ಟು ನಟ್ಟುಗಳನ್ನು ಹಾಕಿ, ಡೀಸೆಲ್ ಸುರಿದು, ತೋಳು ಸೋಲುವ ತನಕ ಕುಲುಕಿ ಬಗ್ಗಿಸುವುದು, ಮತ್ತೆ ಸುರಿದು ಕುಲುಕುವುದು. ಡೀಸೆಲ್ ತಿಳಿಯಾಗಿ ಹೊರಬರುವವರೆಗೂ ಇದೇ ಕೆಲಸ.

ಎಂಜಿನ್ ಬಿಚ್ಚುವುದು ಇದಕ್ಕಿಂತ ಸೂಕ್ಷ್ಮದ ಕೆಲಸ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಆ ಕೋಣೆಯಲ್ಲಿ ಗಾಳಿ ಆಡಬಾರದು. ಕ್ರ್ಯಾಂಕಿನ ಎರಡೂ ಬದಿ ಅದನ್ನು ಕಾಯುವುದು ಆಯಿಲ್ ಸೀಲು ಎಂಬ ರಬ್ಬರಿನ ಬಳೆ. ಎಡಗಡೆ ಕ್ಲಚ್ ಬದಿಯ ಸೀಲು ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸೈಲೆನ್ಸರ್ ಬೆಳ್ಳಗೆ ಹೊಗೆ ಕಾರುತ್ತದೆ. ಬಲಗಡೆ ಡೈನಮೊ ಬದಿಯ ಸೀಲು ಸೋತರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ಹೊಸ ಬೇರಿಂಗ್ ಕೂರಿಸಲು ಸುತ್ತಿಗೆ ಎತ್ತಬಾರದು. ಅಲ್ಯೂಮಿನಿಯಂ ಕಾದಾಗ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೇಸನ್ನು ಕಾಯಿಸಿ, ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟ ಬೇರಿಂಗನ್ನು ತಂದಿಟ್ಟರೆ ಅದು ತನ್ನ ಜಾಗಕ್ಕೆ ತಾನೇ ಇಳಿಯುತ್ತದೆ. ಆ ಸದ್ದು ಕೇಳಿದ ಕ್ಷಣದ ಸಂತೋಷ ಎಷ್ಟು ದೊಡ್ಡದು ಎಂದು ಬಲ್ಲವರಷ್ಟೇ ಬಲ್ಲರು. ಯಾರನ್ನೂ ನೋಯಿಸದ, ಯಾರಿಂದಲೂ ಕಸಿಯದ ಸಂತೋಷ ಅದು.

ಲೇತ್ ಕೆಲಸಕ್ಕೆ, ಬ್ಲಾಕ್ ರೀಬೋರ್ ಮಾಡಿಸಲಿಕ್ಕೆ ನಾನು ಹೋಗುವುದು ದುರ್ಗದ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ. ಕಾಲೇಜಿನ ಹುಡುಗರ ರೋಡ್‌ಕಿಂಗುಗಳೆಲ್ಲ ಆಗ ಅವರ ಗ್ಯಾರೇಜಿನಲ್ಲೇ ನಿಲ್ಲುತ್ತಿದ್ದವು. ಮೊದಲ ದಿನವೇ ಅವರು ಕೇಳಿದರು: “ಮೇಷ್ಟ್ರೆ, ಇದನ್ನ ಷೋಕೇಸಿಗೆ ಇಡ್ತೀರೋ, ರೋಡಿಗೆ ಬಿಡ್ತೀರೋ? ಮೊದ್ಲು ಅದು ಹೇಳಿ. ಆಮೇಲೆ ಪಿಸ್ಟನ್ ಮಾತು.” ಎರಡಕ್ಕೂ ಕೆಲಸ ಬೇರೆ ಬೇರೆ ಎಂದು ಅವರ ಮಾತಿನ ಅರ್ಥ. ನಾನು “ರೋಡಿಗೇ” ಎಂದೆ. ಬಾಯಲ್ಲಿ ಬಂದದ್ದು ಅದು, ಮನಸ್ಸು ಮಾತ್ರ ಷೋಕೇಸಿನಲ್ಲೇ ಇತ್ತು.

ಹಳೆಯ ಗಾಡಿ ಹಚ್ಚಿಕೊಂಡವರಿಗೆ ಒರಿಜಿನಲ್ ಎಂಬ ಒಂದು ಹಸಿವು ಹುಟ್ಟಿಕೊಳ್ಳುತ್ತದೆ. ಮೈಸೂರಿನ ಕಾರ್ಖಾನೆಯಿಂದ ಹೊರಟ ದಿನ ಗಾಡಿ ಹೇಗಿತ್ತೋ ಹಾಗೇ ಆಗಬೇಕು. ಬೋಲ್ಟಿನ ತಲೆಯ ಮೇಲಿನ ಅಚ್ಚೂ ಅದೇ ಇರಬೇಕು, ಟ್ಯಾಂಕಿನ ಮೇಲಿನ ಗೆರೆ ಒಂದು ಕೂದಲೆಳೆಯೂ ದಪ್ಪವಾಗಬಾರದು. ಜುಲೈ ಎರಡನೆಯ ಭಾನುವಾರ ಜಾವಾ–ಯೆಜ್ಡಿ ಹುಚ್ಚಿನವರು ಊರೂರಲ್ಲಿ ಸೇರುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಿದಾಗ ಸುತ್ತ ಜನ ನಿಂತು “ಎಲ್ಲ ಒರಿಜಿನಲ್ಲೇ” ಅನ್ನಬೇಕು. ಆ ಒಂದು ಮಾತಿಗಾಗಿ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆ ಎಂಬುದು ನನ್ನ ಹೆಂಡತಿಗೆ ಗೊತ್ತು. ಸರ್ಕಾರದ ನಿಯಮವೂ ಈ ಹಸಿವಿಗೆ ಒಂದು ಆಕಾರ ಕೊಟ್ಟಿದೆ. 2021ರ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್‌ಗಳನ್ನು ಹೆಚ್ಚಾಗಿ ಬದಲಿಸದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹಾಗೆ ನೋಂದಣಿಯಾದದ್ದನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಮೊದಮೊದಲ ರೋಡ್‌ಕಿಂಗುಗಳಿಗೆ 2028ರಲ್ಲಿ ಐವತ್ತು ತುಂಬುತ್ತದೆ.

ನನ್ನ ಗಾಡಿಯ ಹಿಂಭಾಗದಲ್ಲಿ, ಸೀಟಿನ ಕೆಳಗೆ, ಆಂಗಲ್ ಕಬ್ಬಿಣದ ಎರಡು ತುಂಡುಗಳನ್ನು ಫ್ರೇಮಿಗೆ ವೆಲ್ಡ್ ಮಾಡಲಾಗಿತ್ತು. ಅದು ಕಾರ್ಖಾನೆಯದ್ದಲ್ಲ, ಊರಿನ ವೆಲ್ಡಿಂಗ್ ಷಾಪಿನದು. ವೆಲ್ಡಿಂಗ್ ನಯವಾಗಿರಲಿಲ್ಲ, ಭದ್ರವಾಗಿತ್ತು. ಎರಡೂ ತುಂಡುಗಳ ಅಂಚು ಹಗ್ಗ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತಿತ್ತು. ಎಡ ಸೈಲೆನ್ಸರಿನ ಮೇಲೆ ಚೀಲ ಜೋತು ಬಿದ್ದು ಒರೆಸಿದ ಗುರುತು. ಟ್ಯಾಂಕಿನ ಎರಡೂ ಕೆನ್ನೆಯಲ್ಲಿ ಮೊಣಕಾಲು ತಾಗಿ ಬಣ್ಣ ಸವೆದ ಜಾಗ. ಕ್ಲಚ್ ಬದಿಯ ಕವರಿನಲ್ಲಿ ಒಡೆದು ಬೆಸೆದ ಗೆರೆ. ಗಾಡಿ ಕೊಟ್ಟ ಮನೆಯ ಹಿರಿಯರನ್ನು ಕೇಳಿದೆ. ಅಡಿಕೆ ಮೂಟೆ, ಪಂಪಿನ ಮೋಟಾರು, ಹೆರಿಗೆ ನೋವಿನ ಸೊಸೆ, ಎಲ್ಲವನ್ನೂ ಇದರ ಮೇಲೇ ಕೂರಿಸಿಕೊಂಡು ಹೋದದ್ದು ಎಂದರು. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಾಗಲಿ ಸಂಕೋಚವಾಗಲಿ ಇರಲಿಲ್ಲ. ಆ ಮನೆಗೆ ಗಾಡಿ ಅಂದರೆ ಇಂಥದಕ್ಕೇ ಇರುವುದು.

ಆಂಗಲ್ ತುಂಡುಗಳನ್ನು ಕತ್ತರಿಸಿ ತೆಗೆಯಲು ಗ್ರೈಂಡರ್ ತಂದಿಟ್ಟುಕೊಂಡಿದ್ದೆ. ಕೈ ಏಳಲಿಲ್ಲ. ಏಕೆ ಏಳಲಿಲ್ಲ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಕೊನೆಗೆ ಸಿಕ್ಕ ಉತ್ತರ ಹಿತವಾದದ್ದಲ್ಲ. ಆ ಕಬ್ಬಿಣದ ತುಂಡುಗಳಲ್ಲಿ ನಾನು ಕಂಡದ್ದು ನಮ್ಮಪ್ಪನ ಸೈಕಲ್ಲಿನ ಕ್ಯಾರಿಯರು. ಯಾವುದರಿಂದ ದೂರ ಹೋಗಬೇಕೆಂದು ಹಾಸ್ಟೆಲಿನ ಹುಡುಗ ಹಂಬಲಿಸಿದ್ದನೋ ಅದು ನನ್ನ ಕನಸಿನ ಗಾಡಿಗೇ ಅಂಟಿಕೊಂಡು ಮನೆಗೆ ಬಂದಿತ್ತು. ಹಾಗೆಂದ ಮೇಲೆ ನಾನು ಇಷ್ಟು ಕಾಲ ಒರಿಜಿನಲ್ ಎಂದು ಹುಡುಕುತ್ತಿದ್ದದ್ದು ಕಾರ್ಖಾನೆಯ ನಿಜವನ್ನೋ, ಅಥವಾ ದುಡಿಮೆಯ ಗುರುತಿಲ್ಲದ ಒಂದು ನುಣುಪನ್ನೋ? ಬೆವರು ಕಂಡರೆ ಮುಜುಗರಪಡುವ ಒಂದು ಮೂಲೆ ನನ್ನಲ್ಲಿ ಈಗಲೂ ಉಳಿದಿದೆ. ಓದು, ನೌಕರಿ, ಪಿಂಚಣಿ ಯಾವುದೂ ಅದನ್ನು ತೊಳೆದಿಲ್ಲ. ಇದನ್ನು ಒಪ್ಪಿಕೊಂಡ ಮೇಲೆಯೇ ಗಾಡಿಯನ್ನು ನೆಟ್ಟಗೆ ನೋಡಲು ಸಾಧ್ಯವಾಯಿತು.

ಹಳೆಯದನ್ನು ಹೇಗೆ ಕಾಪಾಡಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಎರಡು ಉತ್ತರಗಳಿವೆ. ಒಂದು, ಮನೆಯ ಮಾಳಿಗೆಯಿಂದ ಕಾಣುವ ಕೋಟೆ. ಅದನ್ನು ಪುರಾತತ್ವ ಸರ್ವೇಕ್ಷಣೆಯವರು ಇದ್ದ ಹಾಗೆ ಕಾಯುತ್ತಾರೆ. ಅಲ್ಲಿ ಈಗ ಯಾರೂ ಕಾವಲು ನಿಲ್ಲುವುದಿಲ್ಲ, ಯಾರೂ ಮುತ್ತಿಗೆ ಹಾಕುವುದಿಲ್ಲ. ಕೋಟೆಯ ಕೆಲಸ ಮುಗಿದಿದೆ, ಆದ್ದರಿಂದ ಅದನ್ನು ಮುಟ್ಟದೆ ಕಾಯುವುದೇ ಸರಿ. ಇನ್ನೊಂದು, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ನಿಂತ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಕಟ್ಟೆ ಇಂದಿಗೂ ನೀರು ನಿಲ್ಲಿಸುತ್ತದೆ, ನಾಲೆಗೆ ಬಿಡುತ್ತದೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 130 ಅಡಿ ತುಂಬಿ ಕೋಡಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ನಂತರ ನೀರು ಹರಿಯುವುದನ್ನು ನೋಡಲು ಜಿಲ್ಲೆಯೇ ಅಲ್ಲಿಗೆ ಹೋಗಿತ್ತು, ನಾನೂ ಹೋಗಿದ್ದೆ. ಕಟ್ಟೆಯನ್ನು ಕಾಪಾಡುವುದೆಂದರೆ ದುರಸ್ತಿ ಮಾಡುತ್ತಾ ಅದರಿಂದ ಕೆಲಸ ತೆಗೆಯುವುದು. ದುರಸ್ತಿಯೂ ಅದರ ಚರಿತ್ರೆಯ ಭಾಗವೇ. ನನ್ನ ರೋಡ್‌ಕಿಂಗ್ ಕೋಟೆಯ ಜಾತಿಯದೋ, ಕಟ್ಟೆಯ ಜಾತಿಯದೋ ಎಂದು ಕೇಳಿಕೊಂಡಾಗ ಮೆಕ್ಯಾನಿಕ್ ಮೊದಲ ದಿನ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿತು. ಎಂಜಿನ್ ಇನ್ನೂ ದುಡಿಯಬಲ್ಲದು. ದುಡಿಯಬಲ್ಲ ಯಂತ್ರವನ್ನು ಗಾಜಿನ ಹಿಂದೆ ನಿಲ್ಲಿಸುವುದು ನನಗೆ ಸಮ್ಮತವಲ್ಲ.

ಹಾಗಾಗಿ ಬ್ರೇಕ್ ಷೂ, ಟೈರು, ವೈರಿಂಗು, ಸೀಲು, ಬೇರಿಂಗು, ಅಂದರೆ ಜೀವಕ್ಕೆ ಸಂಬಂಧಿಸಿದ್ದೆಲ್ಲ ಹೊಸದು. ಇವುಗಳಲ್ಲಿ ರಾಜಿಯಿಲ್ಲ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರು ತಾಳುವುದಿಲ್ಲ, ಪೈಪು, ವಾಷರುಗಳೂ ಹೊಸವು. ಆಂಗಲ್ ತುಂಡುಗಳು ಇದ್ದಲ್ಲೇ ಇವೆ, ತುಕ್ಕು ತೆಗೆದು ಬಣ್ಣ ಹೊಡೆದಿದ್ದೇನೆ. ಬೆಸೆದ ಕವರು ಹಾಗೇ ಇದೆ. ಟ್ಯಾಂಕಿನ ಕೆನ್ನೆಯ ಸವೆತಕ್ಕೆ ಬಣ್ಣ ಮುಟ್ಟಿಸಿಲ್ಲ, ವಾರ್ನಿಷ್ ಮಾತ್ರ. ಇಂಥ ಗಾಡಿಗೆ ಮೇಳದಲ್ಲಿ ಬಹುಮಾನ ಬರಲಿಕ್ಕಿಲ್ಲ. ವಿಂಟೇಜ್ ನೋಂದಣಿಯೂ ನನಗೆ ಬೇಡ. ಆರ್‌ಟಿಒದಲ್ಲಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾ, ಸಾಮಾನ್ಯ ಗಾಡಿಯಾಗಿಯೇ ಇಟ್ಟುಕೊಳ್ಳುವುದು ನನ್ನ ತೀರ್ಮಾನ.

ಇನ್ನೊಂದು ವಿಷಯಕ್ಕೆ ಮನಸ್ಸಿನಲ್ಲಿ ಸಮಾಧಾನವಿಲ್ಲ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆ ಹೋಗುವ ದಾರಿಯೂ ತೆರೆದಿರುತ್ತದೆ. ಒಂದಿಷ್ಟು ಪೆಟ್ರೋಲ್ ಸುಡದೆ, ಆಯಿಲ್ ಸಮೇತ ಹೊರಗೆ ಹೋಗಿಬಿಡುತ್ತದೆ. ನನಗೆ ಸುವಾಸನೆಯಾದದ್ದು ಹಿಂದೆ ಬರುವವರ ಶ್ವಾಸಕೋಶಕ್ಕೆ ಹೊಗೆ. ಎಷ್ಟೇ ಪ್ರೀತಿಯಿದ್ದರೂ ಇದು ಸುಳ್ಳಾಗುವುದಿಲ್ಲ. ಹೊಳಲ್ಕೆರೆ ರಸ್ತೆಯಲ್ಲಿ ಬೆಳಗಿನ ಹೊತ್ತು ಆಗೊಮ್ಮೆ ಈಗೊಮ್ಮೆ ಓಡಿಸುವುದು, ಆಯಿಲ್ಲನ್ನು ಅಳತೆ ಮಾಡಿಯೇ ಬೆರೆಸುವುದು, ಪೇಟೆಯೊಳಗೆ ತರದಿರುವುದು ಎಂಬ ಕಟ್ಟು ಹಾಕಿಕೊಂಡಿದ್ದೇನೆ. ನನ್ನ ಸಂತೋಷಕ್ಕೆ ಮಿತಿ ಹಾಕಿಕೊಳ್ಳುವುದು ನನ್ನ ಹೊಣೆ.

ಹೊಸದುರ್ಗ, ಹಿರಿಯೂರು, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ಇಂಥ ಗಾಡಿಗಳು ಇನ್ನೂ ನಿಂತಿವೆ. ನಿಮ್ಮ ಮನೆಯಲ್ಲೂ ಒಂದಿದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಏನೇನು ಹೊತ್ತಿತ್ತು ಎಂದು ಕೇಳಿ. ಕಾಗದಪತ್ರ ಹುಡುಕಿಡಿ. ಬಿಚ್ಚುವುದಾದರೆ ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ, ಊರಿನ ಹಳೆಯ ಮೆಕ್ಯಾನಿಕ್ಕಿಗೆ ಕೆಲಸ ಕೊಟ್ಟು ಪಕ್ಕದಲ್ಲಿ ನಿಂತು ಕಲಿಯಿರಿ. ಅವರ ಕೈಯಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಬ್ರೇಕನ್ನು ಹೊಸದು ಮಾಡಿ, ಗಾಯದ ಗುರುತುಗಳನ್ನು ಬಿಡಿ. ಆಮೇಲೆ ಗಾಡಿಯನ್ನು ರಸ್ತೆಗೆ ತನ್ನಿ.