ಬೀದಿಯ ಕೆಳಗಿನ ತಾಯಿ

ಮೆಕ್ಸಿಕೋ ನಗರದ ನಡುಚೌಕದಲ್ಲಿ ನಿಂತವನ ಕಣ್ಣಿಗೆ ಮೊದಲು ಬೀಳುವುದು ಹಳೆಯ ಕಟ್ಟಡಗಳು ಅತ್ತಿತ್ತ ವಾಲಿರುವ ಬಗೆ. ಊರು ನಿಂತಿರುವುದು ಬತ್ತಿಸಿದ ಸರೋವರದ ಕೆಸರಿನ ಮೇಲೆ. ಆ ಕೆಸರಿನೊಳಗೆ ಮತ್ತೊಂದು ಊರಿದೆ. ಅದು ಅಜ್ಟೆಕ್ ಅರಸರ ರಾಜಧಾನಿ ತೆನೊಚ್ಟಿಟ್ಲಾನ್. ನಮ್ಮ ವಿಜಯನಗರವನ್ನು ಕೃಷ್ಣದೇವರಾಯನು ಆಳುತ್ತಿದ್ದ ಕಾಲದಲ್ಲಿ, 1521ರ ಆಗಸ್ಟ್ 13ರಂದು, ಅದು ಸ್ಪೇನಿನ ಕೋರ್ಟೆಸನ ವಶವಾಯಿತು. ಗೆದ್ದವರು ಗುಡಿಗಳನ್ನು ಕೆಡವಿ, ಅವುಗಳ ಕಲ್ಲಿನಿಂದಲೇ ಅದೇ ನೆಲದ ಮೇಲೆ ತಮ್ಮ ನಗರವನ್ನು ಕಟ್ಟಿದರು.

1790ರಲ್ಲಿ, ಅದೇ ಆಗಸ್ಟ್ 13ರಂದು, ಚೌಕದ ಕಾಮಗಾರಿಗಾಗಿ ಅಗೆಯುತ್ತಿದ್ದಾಗ ಆಳೆತ್ತರವನ್ನು ಮೀರಿದ ಒಂದು ಶಿಲಾವಿಗ್ರಹ ದೊರೆಯಿತು. ಹಾವುಗಳನ್ನು ಹೆಣೆದ ಉಡುಗೆ, ಮನುಷ್ಯರ ಕೈಗಳ ಮತ್ತು ಹೃದಯಗಳ ಹಾರ, ತಲೆಯಿರಬೇಕಾದಲ್ಲಿ ಎದುರುಬದುರಾದ ಎರಡು ಸರ್ಪಮುಖಗಳು. ಇವಳೇ ದೇವಮಾತೆ ಕೋವಾಟ್ಲಿಕ್ವೆ. ಅದೇ ಡಿಸೆಂಬರಿನಲ್ಲಿ ಸಿಕ್ಕಿದ ಸೂರ್ಯಶಿಲೆಯನ್ನು ಪ್ರಧಾನ ಇಗರ್ಜಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ತಾಯಿಗೆ ಆ ಭಾಗ್ಯವಿರಲಿಲ್ಲ. ವಿಶ್ವವಿದ್ಯಾನಿಲಯದ ಅಂಗಳದಲ್ಲಿರಿಸಿದ್ದ ಅವಳೆದುರಿಗೆ ಆ ನಾಡಿನ ಮೂಲಜನರು ಹೂವನ್ನೂ ಮೇಣದ ಬತ್ತಿಯನ್ನೂ ತಂದಿಡತೊಡಗಿದರು. ಎರಡೂವರೆ ಶತಮಾನ ಕಳೆದಿದ್ದರೂ ಭಕ್ತಿ ಆರಿರಲಿಲ್ಲ! ಬೆದರಿದವರು ಅವಳನ್ನು ಅಲ್ಲಿಯೇ ಹೂಳಿಸಿದರು. 1803ರಲ್ಲಿ ಜರ್ಮನಿಯ ವಿದ್ವಾಂಸ ಹಂಬೋಲ್ಟ್ ನೋಡಬಯಸಿದಾಗ ಅಗೆದು ತೋರಿಸಿ, ಅವನು ಹೋದಮೇಲೆ ಮತ್ತೆ ಮಣ್ಣೆಳೆದರು.

ತಾಯಿಯ ಹಿಂದೆ ಮಗಳೂ ಬಂದಳು. 1978ರ ಫೆಬ್ರವರಿಯಲ್ಲಿ ಇಗರ್ಜಿಗೆ ಸಮೀಪದ ಬೀದಿಯ ಮೂಲೆಯಲ್ಲಿ ವಿದ್ಯುತ್ ಕೆಲಸಗಾರರ ಹಾರೆಗೆ ಗಟ್ಟಿ ಕಲ್ಲೊಂದು ತಗುಲಿತು: 3.25 ಮೀಟರು ಅಗಲ, ಸುಮಾರು 8 ಟನ್ ತೂಕದ ದುಂಡುಶಿಲೆ. ಅದರಲ್ಲಿ ಕೈಕಾಲು ತಲೆಗಳು ಕಡಿದು ಬೇರ್ಪಟ್ಟ ಕೊಯೊಲ್‌ಶಾವ್‌ಕಿ. ಗುಡಿಯನ್ನು ಗುಡಿಸುತ್ತಿದ್ದಾಗ ಬಿದ್ದ ಗರಿಯುಂಡೆಯೊಂದರಿಂದ ತಾಯಿ ಗರ್ಭವತಿಯಾದಳಂತೆ. ಅದನ್ನು ಅವಮಾನವೆಂದು ಬಗೆದ ಮಗಳು ನಾನೂರು ಸೋದರರೊಡನೆ ತಾಯಿಯನ್ನೇ ಕೊಲ್ಲಲು ಹಾವಿನ ಬೆಟ್ಟವನ್ನೇರಿದಳು. ಆ ಗಳಿಗೆಯಲ್ಲಿ ಆಯುಧಪಾಣಿಯಾಗಿಯೇ ಹುಟ್ಟಿದ ಹುಯಿಟ್ಸಿಲೊಪೊಚ್ಟ್ಲಿ ಅಕ್ಕನನ್ನು ಕಡಿದು ಬೆಟ್ಟದಿಂದ ಉರುಳಿಸಿದನು. ಆ ಯುದ್ಧದೇವತೆಯ ಗುಡಿ ಮೇಲೆ, ಮೆಟ್ಟಿಲುಗಳ ಬುಡದಲ್ಲಿ ಅಕ್ಕನ ಶಿಲೆ. ಬಲಿಯಾದ ಮನುಷ್ಯರ ದೇಹಗಳೂ ಆ ಮೆಟ್ಟಿಲುಗಳಿಂದಲೇ ಉರುಳುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ.

ಪ್ರಾಕ್ತನಜ್ಞ ಎಡ್ವಾರ್ಡೊ ಮಾತೋಸ್ ಮೊಕ್ತೆಸುಮ ಅವರ ಮುಂದಾಳುತನದಲ್ಲಿ ಉತ್ಖನನ ನಡೆಯಿತು. ಮೇಲಿದ್ದ ಕಟ್ಟಡಗಳು ಅದಕ್ಕಾಗಿ ನೆಲಸಮವಾದವು. ಒಂದು ಕಾಲವನ್ನು ಕಾಣಲು ಇನ್ನೊಂದು ಕಾಲವನ್ನು ತೆತ್ತಂತಾಯಿತು. ಬೆಳಕಿಗೆ ಬಂದ ಮಹಾಗುಡಿ ಒಂದಲ್ಲ, ಏಳು. ಅಜ್ಟೆಕರು ಹಳೆಯದನ್ನು ಕೆಡವದೆ, ಅದನ್ನು ಒಳಗಿಟ್ಟುಕೊಂಡೇ ಹೊರಗೆ ಹೊಸದನ್ನು ಕಟ್ಟುತ್ತ ಬಂದಿದ್ದರು. ಸ್ಪೇನಿನವರ ಕೈಗೆ ಸಿಕ್ಕಿದ ಹೊರಗುಡಿಗಳು ಬಹುಮಟ್ಟಿಗೆ ಅಳಿದವು. ಎರಡನೆಯ ಹಂತದ ಪುಟ್ಟ ಗುಡಿಯಾದರೋ ನೆತ್ತಿಯ ಗರ್ಭಗೃಹಗಳೊಡನೆ ಉಳಿದುಬಂದಿದೆ.

ಮಗಳನ್ನು ಈಗ 1987ರಲ್ಲಿ ಗುಡಿಯ ಪಕ್ಕದಲ್ಲೇ ತೆರೆದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ತಾಯಿ ರಾಷ್ಟ್ರೀಯ ಮಾನವಶಾಸ್ತ್ರ ಸಂಗ್ರಹಾಲಯದಲ್ಲಿದ್ದಾಳೆ. ಅವಳೆದುರು ನಿಂತಾಗ ನನ್ನ ಮನಸ್ಸು ಅಗೆದವರಿಗಿಂತಲೂ ಹೂಳಿದವರಿಗಿಂತಲೂ ಹೆಚ್ಚಾಗಿ ಆ ಹೂ ತಂದವರನ್ನು ನೆನೆಯಿತು. ಅವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಪಂಡಿತರು ಆ ವಿಗ್ರಹ ಯಾರದೆಂದು ಚರ್ಚಿಸುವ ಮೊದಲೇ ಅವರು ಬಂದು ಕೈಮುಗಿದಿದ್ದರು.