ಮಿರ್ಬಾತಿನಿಂದ ರನ್ನ ಬೆಳಗಲಿಯ ಗೆಳೆಯನಿಗೆ



ಮೊದಲು ನಕಾಶೆ ಬಿಚ್ಚಿ ನೋಡು. ನಮ್ಮ ರನ್ನ ಬೆಳಗಲಿ 16 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ಒಂದಿಷ್ಟು ಮೇಲಿದೆ, ನಾನೀಗ ಇರುವ ಮಿರ್ಬಾತ್ ಹೆಚ್ಚುಕಡಿಮೆ 17ರ ಗೆರೆಯ ಮೇಲಿದೆ. ಊರಿನಿಂದ ಪಡುವಣಕ್ಕೆ ಮುಖ ಮಾಡಿ ಹೊರಟರೆ, ಸಹ್ಯಾದ್ರಿ ಇಳಿದು ಅರಬ್ಬೀ ಸಮುದ್ರ ದಾಟಿ, ಒಮಾನಿನ ಧೋಫಾರ್ ಸೀಮೆಯ ಈ ದಂಡೆಯ ಹತ್ತಿರವೇ ಬಂದು ಮುಟ್ಟುತ್ತೀ. "ಅಷ್ಟು ದೂರದ ದೇಶದಾಗ, ಸಮುದ್ರದ ದಂಡೀ ಊರಾಗ ಬಾಳೇ ಮಾಡೋದು ಹೆಂಗ?" ಎಂದು ನೀನು ಕೇಳಿದ್ದಕ್ಕೆ ಇದು ಪೂರ್ತಿ ಉತ್ತರವಲ್ಲ, ಗೊತ್ತು. ಆದರೆ ಗಲ್ಫ್ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಮರಳು ಮತ್ತು ಗಾಜಿನ ಕಟ್ಟಡ. ಇಲ್ಲಿ ಹಾಗಿಲ್ಲ. ಪಕ್ಕದ ಸಲಾಲಾದಲ್ಲಿ ತೆಂಗು, ಬಾಳೆ, ಪಪ್ಪಾಯಿ ತೋಟಗಳಿವೆ. ರಸ್ತೆ ಬದಿಯ ಅಂಗಡಿಗಳಲ್ಲಿ ಎಳನೀರಿನ ಜೊತೆ ಕಬ್ಬೂ ಸಿಗುತ್ತದೆ. ಕಬ್ಬಿನ ಹೊಲಗಳ ನಡುವೆ ಬೆಳೆದವನಿಗೆ ಅದನ್ನು ಕಂಡಾಗ ಎಷ್ಟು ಸಮಾಧಾನವಾಗಿರಬೇಕು, ನೀನೇ ಯೋಚಿಸು.

ಇದಕ್ಕೆಲ್ಲ ಕಾರಣ ನಮಗೆ ಮುಂಗಾರು ತರುವ ಅದೇ ನೈಋತ್ಯ ಮಾರುತ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅದು ಧೋಫಾರಿನ ಬೆಟ್ಟಗಳಿಗೂ ಬಂದು ತಾಗುತ್ತದೆ. ಇಲ್ಲಿಯವರು ಆ ಕಾಲವನ್ನು ಖರೀಫ್ ಎನ್ನುತ್ತಾರೆ. ಮಳೆ ಎಂದರೆ ಧೋ ಎಂದು ಸುರಿಯುವ ಮಳೆಯಲ್ಲ, ಮಂಜು ಮತ್ತು ತುಂತುರು. ಸಲಾಲಾದ ವರ್ಷದ ಒಟ್ಟು ಮಳೆ 100 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ನಮ್ಮ ಮುಧೋಳ ಸೀಮೆಯ ಬರಗಾಲದ ವರ್ಷಕ್ಕೂ ಕಡಿಮೆ. ಆದರೂ ಬೆಟ್ಟದ ಗಿಡಮರಗಳು ಎಲೆಯ ಮೇಲೆ ಮಂಜನ್ನು ಹಿಡಿದು ಹನಿಹನಿಯಾಗಿ ಬುಡಕ್ಕೆ ಇಳಿಸಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಕಂದು ಬೆಟ್ಟ ಹಸಿರಾಗುತ್ತದೆ. ಅರಬಸ್ತಾನದ ಹೆಚ್ಚಿನ ಕಡೆ ಬಿಸಿಲು 40 ಡಿಗ್ರಿ ಮೀರಿ ಸುಡುವಾಗ ಇಲ್ಲಿ 25ರ ಆಸುಪಾಸು. ಆ ತಂಪಿಗಾಗಿ ಜನ ಲಕ್ಷಗಟ್ಟಲೆ ಬರುತ್ತಾರೆ. ಮಿರ್ಬಾತ್ ಈ ಹಸಿರಿನ ಮೂಡಣ ಅಂಚಿನಲ್ಲಿದೆ, ಇಲ್ಲಿ ಅಷ್ಟು ಸೊಂಪಿಲ್ಲ.

ಆದರೆ ಆ ದಿನಗಳಲ್ಲಿ ಸಮುದ್ರದ ಆಸೆ ಬಿಟ್ಟುಬಿಡು. ಅಲೆ ಬಂಡೆಗೆ ಬಡಿಯುವ ಸದ್ದಿಗೆ ರಾತ್ರಿ ಎಚ್ಚರವಾಗುತ್ತದೆ. ಸಣ್ಣ ದೋಣಿಗಳೆಲ್ಲ ದಂಡೆ ಸೇರುತ್ತವೆ. ಸಿನೆಮಾದಲ್ಲಿ ಕಂಡ ನೀಲಿ ನೀರು ನೋಡಲು ಬಂದವರಿಗೆ ಬೇಸರವಾಗಬಹುದು. ನನಗೆ ಮಾತ್ರ ಈ ಕಾಲದ ಮೇಲೆಯೇ ಗೌರವ ಹೆಚ್ಚು. ದಂಡೆಯ ಗುಂಟ ಬೀಸುವ ಈ ಗಾಳಿ ಮೇಲಿನ ನೀರನ್ನು ದೂಡಿದಾಗ, ಆಳದ ತಣ್ಣನೆಯ ನೀರು ಸತ್ವವನ್ನು ಹೊತ್ತು ಮೇಲೆ ಬರುತ್ತದೆ. ಮೀನಿನ ಸಮೃದ್ಧಿಗೆ ಅದೇ ಮೂಲ. ಮುಂದೆ ಭೂತಾಯಿ ಮೀನು ರಾಶಿರಾಶಿ ಬೀಳುತ್ತದೆ. ದಂಡೆಯ ಮೇಲೆ ಒಣಹಾಕಿ ಒಂಟೆಗೆ, ಆಕಳಿಗೆ ಮೇವಾಗಿ ಹಾಕುತ್ತಾರೆ. ಕಣಿಕೆ ತಿನ್ನುವ ದನ ಕಂಡ ನಮಗೆ ಇದು ದೊಡ್ಡ ಆಶ್ಚರ್ಯ.

14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನಿಗೂ ಹಾಗೇ ಆಶ್ಚರ್ಯವಾಗಿತ್ತು. ದನಕರುಗಳಿಗೆ ಮೀನು ಹಾಕುವುದನ್ನು ಅವನು ಬರೆದಿಟ್ಟಿದ್ದಾನೆ. ಇಲ್ಲಿಯ ತೆಂಗು, ವೀಳ್ಯದೆಲೆ ನೋಡಿ ಹಿಂದೂಸ್ತಾನವನ್ನು ನೆನೆದಿದ್ದಾನೆ. ಇಲ್ಲಿಯವರು ಉಣ್ಣುವ ಅಕ್ಕಿ ನಮ್ಮ ಕಡೆಯಿಂದ ಬರುತ್ತಿತ್ತು, ಇಲ್ಲಿಯ ಕುದುರೆಗಳು ನಮ್ಮ ಕಡೆಗೆ ಹೋಗುತ್ತಿದ್ದವು ಎಂದೂ ಹೇಳಿದ್ದಾನೆ. ವಿಜಯನಗರದ ಅರಸರು ಗೋವೆ, ಭಟ್ಕಳದ ಬಂದರುಗಳಲ್ಲಿ ಅರಬ್ಬೀ ಕುದುರೆಗಳಿಗಾಗಿ ಕಾಯುತ್ತಿದ್ದರೆಂದು ಶಾಲೆಯಲ್ಲಿ ಓದಿದ್ದೇವಲ್ಲ, ಆ ವ್ಯಾಪಾರದ ಆಚೆಯ ತುದಿಗಳಲ್ಲೊಂದು ಈ ದಂಡೆ. ಅದಕ್ಕೂ ಮೊದಲು ಇಲ್ಲಿಂದ ಹೋಗುತ್ತಿದ್ದದ್ದು ಲೋಬಾನ. ಗಿಡದ ತೊಗಟೆಯನ್ನು ಕೆತ್ತಿದರೆ ಹಾಲಿನಂಥ ರಸ ಒಸರಿ ಗಟ್ಟಿಯಾಗುತ್ತದೆ, ಅದೇ ಲೋಬಾನ. ಮಿರ್ಬಾತಿಗೂ ಸಲಾಲಾಕ್ಕೂ ನಡುವೆ ಖೋರ್ ರೋರಿ ಎಂಬಲ್ಲಿ ಲೋಬಾನದ ಹಳೆಯ ಬಂದರು ಸುಮ್‌ಹುರಮ್ ಇದೆ. ಅದನ್ನು ಅಗೆದಾಗ ಭಾರತದ ಕಂಚಿನ ಹೆಣ್ಣಿನ ಮೂರ್ತಿಯೊಂದು ಸಿಕ್ಕಿತು. ನಾವು ಇಲ್ಲಿಗೆ ಬರುತ್ತಿರುವ ಮೊದಲಿಗರಲ್ಲ, ಗೆಳೆಯಾ.

ಇಷ್ಟು ಓದಿ ನಾಳೆಯೇ ಪೆಟ್ಟಿಗೆ ಕಟ್ಟಬೇಡ. ಇಲ್ಲಿ ನಮ್ಮ ಇರುವಿಕೆ ಕೆಲಸಕ್ಕೆ ಕಟ್ಟಿದ್ದು. ಕೆಲಸ ಇದ್ದಷ್ಟು ದಿನ ವಾಸದ ಕಾರ್ಡು. ಎಷ್ಟೋ ವರ್ಷ ದುಡಿದರೂ ನಮ್ಮಂಥವರು ಇಲ್ಲಿಯ ಪ್ರಜೆಗಳಾಗುವುದು ತೀರಾ ಅಪರೂಪ. ಮೊದಲು ಕರಾರು ಮುಗಿದ ಮೇಲೂ ಬೇರೆ ಕಡೆ ಸೇರಲು ಹಳೆಯ ಮಾಲೀಕನ ಒಪ್ಪಿಗೆ ಪತ್ರ ಬೇಕಿತ್ತು. 2021ರ ಜನವರಿಯಿಂದ ಅದು ಬೇಕಿಲ್ಲ, ಅದೊಂದು ದೊಡ್ಡ ಬಿಡುಗಡೆ. ಗಾಳಿಯ ಭಯವೂ ಇದೆ. 2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸಲಾಲಾ ಹತ್ತಿರ ಅಪ್ಪಳಿಸಿದಾಗ ಊರಿನ ರಸ್ತೆಗಳು ಹೊಳೆಯಾಗಿದ್ದವು.

ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ನಮ್ಮ ಕಡೆಯ ಎಷ್ಟೋ ಜನ ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ವರ್ಷಗಳನ್ನು ಕಳೆಯುತ್ತಾರೆ. ಕೋಣೆ, ಕೆಲಸ, ಮೊಬೈಲು, ತಿಂಗಳ ಕೊನೆಗೆ ಊರಿಗೆ ಹಣ. ಮನೆ ಕಟ್ಟಿಸಬೇಕು, ತಂಗಿಯ ಮದುವೆ ಮಾಡಬೇಕು, ಬೋರ್‌ವೆಲ್ ಸಾಲ ತೀರಿಸಬೇಕು. ಅವರ ಕಷ್ಟ ನನಗೆ ಗೊತ್ತು, ಆ ಹಣದ ಬೆಲೆಯೂ ಗೊತ್ತು. ಆದರೂ ನೋಡಿದಾಗ ಸಂಕಟವಾಗುತ್ತದೆ. ಆಯುಷ್ಯದ ಬಂಗಾರದಂಥ ಭಾಗವನ್ನು ಯಾರದೋ ಊರು ಎಂದುಕೊಂಡು ತಳ್ಳಿಬಿಡುತ್ತಾರೆ. ನೀನು ಹಾಗೆ ಇರುವುದಾದರೆ ಬರಬೇಡ.

ಬಂದರೆ ಊರಿನೊಳಗೆ ಇಳಿ. ಹಿಂದಿ ಬಂದರೆ ಸಾಕು, ಮಲಯಾಳದ ಗೆಳೆಯರಿದ್ದಾರೆ ಎಂದು ನಿಲ್ಲಬೇಡ. ಅರಬ್ಬಿಯಲ್ಲಿ ಯೋಗಕ್ಷೇಮ ಕೇಳುವುದನ್ನು ಕಲಿ. ಇಲ್ಲಿಯ ಬೆಟ್ಟದವರದು ಇನ್ನೂ ಬೇರೆ ಭಾಷೆ, ಶಹ್ರಿ ಅಥವಾ ಜಿಬ್ಬಾಲಿ. ಅದು ಅರಬ್ಬಿಯ ಉಪಭಾಷೆಯಲ್ಲ, ಅದರ ದಾಯಾದಿ. ತನ್ನದೇ ಲಿಪಿಯಿಲ್ಲ. ಹಾಡು, ಗಾದೆ, ಕಥೆ ಎಲ್ಲ ಬಾಯಿಂದ ಬಾಯಿಗೆ. ಮಕ್ಕಳು ಶಾಲೆಯಲ್ಲಿ ಓದುವುದು ಅರಬ್ಬಿ, ಆದ್ದರಿಂದ ಅದು ಅಳಿವಿನ ಅಂಚಿನ ಭಾಷೆಗಳ ಪಟ್ಟಿ ಸೇರಿದೆ. ಬಂದರಿನಲ್ಲಿ ಬಲೆ ಹೆಣೆಯುವ ಹಿರಿಯರೊಬ್ಬರಿಗೆ ನಾನು ನಮ್ಮೂರಿನ ಕವಿ ರನ್ನನ ವಿಷಯ ಹೇಳಿದೆ. ಸಾವಿರ ವರ್ಷದ ಹಿಂದೆ ಬಳೆಗಾರರ ಮನೆಯ ಹುಡುಗ, ಓದಿಗಾಗಿ ಊರು ಬಿಟ್ಟು ಶ್ರವಣಬೆಳಗೊಳದವರೆಗೆ ಹೋದ, 993ರಲ್ಲಿ ಬರೆದ ಅವನ ಅಜಿತಪುರಾಣ ಇವತ್ತಿಗೂ ಇದೆ ಎಂದೆ. ಅವರು ಬಲೆ ಕೆಳಗಿಟ್ಟು, "ನೀನು ಅದನ್ನು ಓದಬಲ್ಲೆಯಾ?" ಎಂದು ಕೇಳಿದರು. ಹಳಗನ್ನಡ, ಕಷ್ಟಪಟ್ಟು ಓದುತ್ತೇನೆ ಎಂದೆ. ಓದು ಎಂದರು. ಅಂದಿನಿಂದ ಅವನದೇ ಇನ್ನೊಂದು ಕಾವ್ಯ ಗದಾಯುದ್ಧವನ್ನು ಮತ್ತೆ ಹಿಡಿದಿದ್ದೇನೆ. ಊರಲ್ಲಿದ್ದಾಗ ರನ್ನನ ಹೆಸರಿನ ಬೋರ್ಡು ದಿನಾ ಕಂಡರೂ ಅವನ ಪುಸ್ತಕ ತೆರೆಸಿದ್ದು ಈ ದಂಡೆಯ ಮೀನುಗಾರ. ತನ್ನ ಹುಟ್ಟೂರ ಸೀಮೆಯನ್ನು ಹೆಸರು ಹಿಡಿದು ಕಾವ್ಯದಲ್ಲಿ ಬರೆದಿಟ್ಟ ಕವಿಯನ್ನು ಊರು ಬಿಟ್ಟವನೇ ಸರಿಯಾಗಿ ಓದಬಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಇನ್ನು ಕಾಗದಪತ್ರದ ಮಾತು. ನಿನ್ನ ಜೊತೆ ಹೊರಡಬೇಕೆಂದಿರುವ ತಮ್ಮ ಹತ್ತನೆಯ ತರಗತಿ ಪಾಸಾಗಿಲ್ಲ ಎಂದಿದ್ದೀ. ಅಂಥವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದು. ಒಮಾನಿಗೆ ಕೆಲಸಕ್ಕೆ ಬರಲು ಭಾರತ ಸರಕಾರದ ಆ ಅನುಮತಿ ಬೇಕೇ ಬೇಕು, ಅದನ್ನು ಇ-ಮೈಗ್ರೇಟ್ ಜಾಲತಾಣದ ಮೂಲಕ ಪಡೆಯಬೇಕು. ಏಜೆಂಟ್ ಅಲ್ಲಿ ನೋಂದಾಯಿತನೋ ನೋಡು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣ ಎಂದರೆ ಅವನ ಕಟ್ಟೆಯಿಂದ ಎದ್ದು ಬಾ.

ಸೆಪ್ಟೆಂಬರ್ ಕೊನೆಗೆ ಬಂದರೆ ಒಳ್ಳೆಯದು. ಮಂಜು ಸರಿದಿರುತ್ತದೆ, ಬೆಟ್ಟ ಇನ್ನೂ ಹಸಿರಿರುತ್ತದೆ, ದೋಣಿಗಳು ನೀರಿಗೆ ಇಳಿದಿರುತ್ತವೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಷ್ಟಾದರೂ ತಾ. ಖಡಕ್ ರೊಟ್ಟಿಗೆ ಬಿಗಿ ಮುಚ್ಚಳದ ಡಬ್ಬಿ ಬೇಕು, ಸಮುದ್ರದ ಗಾಳಿಗೆ ಬೇಗ ಮೆತ್ತಗಾಗುತ್ತದೆ. ಕರಾರು ಪತ್ರ ಕೈಗೆ ಬಂದ ದಿನವೇ ಅದರ ಫೋಟೋ ನನಗೆ ಕಳಿಸು. ಸಂಬಳ, ಕೆಲಸದ ತಾಸು, ವಾಪಸ್ ಟಿಕೆಟ್, ಈ ಮೂರನ್ನು ಇಬ್ಬರೂ ಕೂಡಿ ಓದಿದ ಮೇಲೆಯೇ ಸಹಿ ಹಾಕು.

ನಿನ್ನ ಗೆಳೆಯ